ಲಿಂಗಣ್ಣನ ಪುಸ್ತಕ, ಅಜ್ಜಿಯ ಉಪ್ಪು

ಆ ಸಂಜೆ ಮನೆ ಮುಂದಿನ ತಿಣ್ಣೆಯ ಮೇಲೆ ಐದು ಜನ ಇದ್ದೆವು. ಕಂಬಕ್ಕೆ ಒರಗಿ ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ. ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದು ಬಂದು ಸೀರೆಗೆ ಅಂಟಿದ ದಾರದ ಚೂರು ಕೊಡವುತ್ತಿದ್ದ ರತ್ನತ್ತೆ, ಅಪ್ಪನ ತಂಗಿ. ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ. ಆ ಮೊರದಿಂದ ಕಾಳು ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಒಂಬತ್ತು ವರ್ಷದ ನಾನು. ಐದನೆಯವನು ತೈವಾನಿನಿಂದ ಬಂದವನು. ಮೊಣಕಾಲು ಮಡಿಸಿ ಕೂತು ಅಭ್ಯಾಸವಿಲ್ಲದ ಅವನು ಎರಡೂ ಕಾಲು ಚಾಚಿ, ತೊಡೆಯ ಮೇಲೆ ಅಂಗೈಯಗಲದ ಹಸಿರು ಪುಸ್ತಕ ಇಟ್ಟುಕೊಂಡು, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಅಪ್ಪ ಮಾತ್ರ ಆಚೆ ದೊಡ್ಡಿಯಲ್ಲಿ ಕುರಿ ಎಣಿಸುತ್ತಿದ್ದ.

ತಮಿಳುನಾಡಿನ ಕಾರಿಮಂಗಲದಿಂದ ಒಂದೆರಡು ಹರದಾರಿಯಲ್ಲಿದ್ದ ನಮ್ಮೂರಿಗೆ ಅಷ್ಟು ದೂರದವನು ಬರಲು ಕಾರಣ ಕಲ್ಲು. ನಮ್ಮ ಗುಡ್ಡದ ಆಚೆ ಮಗ್ಗುಲಲ್ಲಿ ಕ್ವಾರಿ ಶುರುವಾಗಿತ್ತು. ಅಲ್ಲಿನ ಕರಿಕಲ್ಲನ್ನು ಅವನ ದೇಶದವರು ಕೊಳ್ಳುತ್ತಿದ್ದರು. ಕಲ್ಲಿಗೆ ನೀರು ಸುರಿದು ನೋಡುವುದು, ಸುತ್ತಿಗೆಯಲ್ಲಿ ತಟ್ಟಿ ಕಿವಿ ಇಟ್ಟು ಕೇಳುವುದು, ಒಪ್ಪಿಗೆಯಾದರೆ ಕೆಂಪು ಬಣ್ಣದಲ್ಲಿ ಗೆರೆ ಎಳೆಯುವುದು ಅವನ ಕೆಲಸ. ಧರ್ಮಪುರಿಯ ಲಾಡ್ಜಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗಿ ಸೊರಗಿದ್ದನಂತೆ. ಕ್ವಾರಿ ಮ್ಯಾನೇಜರು ಬಂದು ನಮ್ಮ ಮುಂದಿನ ಕೋಣೆ ಕೇಳಿದ. ಬೀಜದ ರಾಗಿ ತುಂಬಿದ ಮಡಕೆಗಳನ್ನೂ ಉಣ್ಣೆಯ ಮೂಟೆಗಳನ್ನೂ ನಡುಮನೆಗೆ ಸಾಗಿಸಿ ಕೋಣೆ ಖಾಲಿ ಮಾಡಿಕೊಟ್ಟೆವು. ಕುರಿಯ ವಾಸನೆ ಮಾತ್ರ ಗೋಡೆಯಲ್ಲೇ ಉಳಿಯಿತು. ಅವನ ಹೆಸರು ಲಿನ್. ಎರಡನೇ ದಿನವೇ ಅಜ್ಜಿ ಅದನ್ನು ಸರಿಮಾಡಿದಳು.

"ಲಿನ್ ಅಂದ್ರೆ ಮಾತು ಅರ್ಧಕ್ಕೇ ನಿಂತಂಗೆ ಐತೆ. ಲಿಂಗಣ್ಣ ಅನ್ರಿ. ಬಾಯಿಗೂ ಸರಿ, ದೇವ್ರಿಗೂ ಸರಿ."

ಕೋಣೆ ಕೇಳಿದ್ದರೇ ಹೊರತು ಊಟದ ಮಾತು ಯಾರೂ ಆಡಿರಲಿಲ್ಲ. ಮೊದಲ ಸಂಜೆ ಅವನು ಕೋಣೆಯಲ್ಲಿ ಕೂತು ಬ್ರೆಡ್ಡು ತಿನ್ನುವುದನ್ನು ಅಜ್ಜಿ ಕಿಟಕಿಯಿಂದ ಕಂಡಳು. ಮಾರನೇ ದಿನದಿಂದ ಅವನ ತಟ್ಟೆ ನಮ್ಮ ತಟ್ಟೆಗಳ ಸಾಲಿಗೆ ಬಂತು. ಮುದ್ದೆಯನ್ನು ಅವನು ಚಮಚದಲ್ಲಿ ಕಡಿದು ಅಗಿಯಲು ಹೋದಾಗ ಅಜ್ಜಿಗೆ ಜೀವ ಹೋದಂತಾಯಿತು. "ಅಗೀಬ್ಯಾಡ ಕಣಪ್ಪ, ಹಲ್ಲಿಗೇನ್ ಕೆಲ್ಸ ಇಲ್ಲ ಅಲ್ಲಿ, ನುಂಗು!" ಎಂದು ತನ್ನ ಗಂಟಲನ್ನೇ ಸವರಿ ತೋರಿಸಿದಳು. ವಾರದಲ್ಲಿ ಕಲಿತ. ಹುರುಳಿ ಸಾರಿನ ಖಾರಕ್ಕೆ ಮಾತ್ರ ಕಡೆಯವರೆಗೂ ಕಣ್ಣಲ್ಲಿ ನೀರು ಹಾಕಿಕೊಂಡೇ ಉಂಡ.

ಆ ಹಸಿರು ಪುಸ್ತಕದ ಸಂಗತಿ ಹೇಳಬೇಕು. ಇಡೀ ಪುಸ್ತಕ ಇಂಗ್ಲಿಷಿನ ಒಂದೇ ಮಾತಿನ ಮೇಲಿತ್ತು: ಟೇಕ್. ಪುಟದ ತಲೆಯ ಮೇಲೆ ಇಂಗ್ಲಿಷಿನ ಒಂದು ವಾಕ್ಯ, ಕೆಳಗೆ ಅವನ ಭಾಷೆಯ ಅಕ್ಷರಗಳು, ಒಂದೊಂದೂ ಒಂದೊಂದು ಪುಟ್ಟ ಮನೆಯ ಹಾಗೆ. ಬಸ್ ಟೇಕ್, ಮಾತ್ರೆ ಟೇಕ್, ಫೋಟೊ ಟೇಕ್, ರೆಸ್ಟ್ ಟೇಕ್. ಒಂದು ಮಾತು ಇಷ್ಟು ಕೆಲಸ ಮಾಡುವುದು ಅವನಿಗೆ ತಲೆಗೆ ಹತ್ತುತ್ತಿರಲಿಲ್ಲ. ನಮ್ಮನೆಯಲ್ಲಿ ಇಂಗ್ಲಿಷು ಅಂತ ಇದ್ದದ್ದು ಪ್ಲಸ್ ಟೂ ಪಾಸಾದ ರತ್ನತ್ತೆಯ ತಲೆಯಲ್ಲಿ ಮಾತ್ರ. ಉಂಡಾದ ಮೇಲೆ ದಿನಕ್ಕೆರಡು ಪುಟ ಅಂತ ಪಾಠ ಶುರುವಾಯಿತು. ನಾನೂ ಪಕ್ಕದಲ್ಲಿ ಕೂತೆ. ಅವನು ತನ್ನ ಭಾಷೆಯಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂಬುದನ್ನು ಮೈಯಲ್ಲಿ ಆಡಿ ತೋರಿಸುತ್ತಿದ್ದ: ಬಸ್ಸಿಗೆ ಕೂರುವುದು, ಮಾತ್ರೆಗೆ ತಿನ್ನುವುದು, ಫೋಟೊಗೆ ಅಂಗೈಯಲ್ಲಿ ತಟ್ಟುವುದು.

"ಏನೇ ಅದು," ಅಂದಳು ಅಜ್ಜಿ ಆ ಸಂಜೆ, ತಕಲಿ ನಿಲ್ಲಿಸಿ. "ಬಸ್ನೂ ತಗತಾರಾ, ಮಾತ್ರೆನೂ ತಗತಾರಾ?"

"ಇಂಗ್ಲೀಷ್ನಾಗೆ ಅಂಗೇಯಾ ಅವ್ವಾ," ಅಂದಳು ರತ್ನತ್ತೆ.

"ಬಸ್ಸು ಅತ್ತಾದು. ಮಾತ್ರೆ ನುಂಗಾದು. ಪೋಟಾ ಇಡಿಯಾದು. ಎಲ್ಲಾಕೂ ಒಂದೇ ಮಾತಂದ್ರೆ, ಒಂದೇ ಚಟ್ಟೀಲಿ ಹಾಲೂ ಕಾಯ್ಸಿ ಸಾರೂ ಕಾಯ್ಸಿದಂಗೆ. ಇವ್ನ ಊರಾಗೆ ಎಂಗಂತೆ?"

"ಅವ್ರೂ ನಮ್ಮಂಗೇಯಾ. ಒಂದೊಂದ್ಕೂ ಒಂದೊಂದು."

"ನಾನಂದ್ಕಂಡೆ. ಮಕ ನೋಡುದ್ರೆ ಗೊತ್ತಾಯ್ತದೆ, ಒಳ್ಳೆ ಮನೆ ಉಡುಗ."

ಅಂದಿನಿಂದ ಅಜ್ಜಿಯೂ ಪಾಠಕ್ಕೆ ಸೇರಿದಳು. ಬಡಿಸುವಾಗ "ಟೇಕು ಲಿಂಗಣ್ಣ, ಇನ್ನೊಂದ್ ಟೇಕು" ಅನ್ನುವಳು. ಅವನು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು "ಟೇಕ್ ಹಾಫ್, ಪಾಟ್ಟಿ, ಟೇಕ್ ಹಾಫ್" ಅನ್ನುವನು. ಅಜ್ಜಿಯನ್ನು ತಮಿಳಿನಲ್ಲಿ ಪಾಟ್ಟಿ ಎಂದು ಕರೆಯಲು ಕ್ವಾರಿಯ ಆಳುಗಳು ಕಲಿಸಿದ್ದರು. ಅಪ್ಪ ನಗುತ್ತಿದ್ದ. ಅಜ್ಜಿ ಮಾತು ಕಲಿಸುವ ರೀತಿಯೇ ಬೇರೆ. ನಾನು ಓದಿದ್ದು ತಮಿಳು ಶಾಲೆ. ಕನ್ನಡದ ಅಕ್ಷರ ಕಂಡದ್ದು ಮದುವೆಯಾಗಿ ಕೊಳ್ಳೇಗಾಲದ ಕಡೆ ಬಂದಮೇಲೆ. ಕನ್ನಡ ಅನ್ನುವುದೆಲ್ಲ ನನಗೆ ಆ ತಿಣ್ಣೆಯಲ್ಲಿ ಅಜ್ಜಿಯ ಬಾಯಿಂದ ಬಂದದ್ದು. ಹಾಗಂದರೆ ಏನಜ್ಜಿ ಎಂದು ಕೇಳಿದರೆ ಎಂದೂ ಅರ್ಥ ಹೇಳುತ್ತಿರಲಿಲ್ಲ. "ಅದು ಯಾರ ಬಾಯಾಗೆ, ಯಾವ ಒತ್ನಾಗೆ ಬತ್ತದೆ ಅಂತ ನೋಡು ಕೂಸೇ" ಅನ್ನುತ್ತಿದ್ದಳು, ಅಷ್ಟೆ.

ನಮ್ಮ ಕುರಿಗಳಿಗೆ ಅಮಾವಾಸ್ಯೆಗೊಮ್ಮೆ ಉಪ್ಪು ಇಡುವ ವಾಡಿಕೆ. ಮನೆಯ ಹಿಂದೆ, ಗುಡ್ಡ ಶುರುವಾಗುವ ಕಡೆ, ಕಣದಷ್ಟು ಅಗಲದ ಮಟ್ಟಸ ಬಂಡೆ ಇತ್ತು. ಉಪ್ಪಿನ ಬಂಡೆ ಅಂತಲೇ ಅದರ ಹೆಸರು. ಬೆಳಿಗ್ಗೆ ಅದರ ಮೇಲೆ ಹಿಡಿಹಿಡಿ ಕಲ್ಲುಪ್ಪು ಗುಡ್ಡೆ ಹಾಕಿ ಹಿಂಡು ಬಿಟ್ಟರೆ ಕುರಿಗಳು ತಲೆಗೆ ತಲೆ ತಾಗಿಸಿ ನೆಕ್ಕುತ್ತಿದ್ದವು. ಎಷ್ಟು ತಲೆಮಾರಿನ ನಾಲಗೆಯೋ, ಬಂಡೆಯ ಮೇಲೆ ಬೊಗಸೆಯಂಥ ಕುಳಿಗಳು ಬಿದ್ದಿದ್ದವು. ಉಳಿದ ದಿನಗಳಲ್ಲಿ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಿಕ್ಕೆ, ಧೂಳು, ಉಪ್ಪಿನ ಬಿಳಿ ಹಕ್ಕಳೆ ಕಟ್ಟಿಕೊಂಡು ಬೂದಿ ಬಣ್ಣಕ್ಕಿರುತ್ತಿತ್ತು. ಆ ಅಮಾವಾಸ್ಯೆಗೆ ಅಜ್ಜಿ ಲಿಂಗಣ್ಣನನ್ನು ಕರೆದಳು. ಮನೆಯಲ್ಲಿ ಉಂಡುಟ್ಟು ಇರುವವನು, ನಮ್ಮ ಕುರಿ ಉಪ್ಪು ತಿನ್ನುವುದನ್ನು ನೋಡದೆ ಹೋಗಬಾರದು ಅಂತ. ಬರುವವನು ನೆಂಟ, ಹಾಗಾಗಿ ಬರೀ ನೀರೆರಚಿ ಬಿಡಲಿಲ್ಲ. ಅಮ್ಮ, ಅತ್ತೆ, ನಾನು ಮೂರೂ ಜನ ತೆಂಗಿನ ನಾರು ಹಿಡಿದು ಸೂರ್ಯ ಏಳುವ ಮೊದಲೇ ಉಜ್ಜಿದೆವು. ಇಪ್ಪತ್ತು ಕೊಡ ನೀರು ಹೊತ್ತೆವು. ಅಜ್ಜಿ ಕಡೆಗೆ ಅಂಗೈ ತುಂಬ ಎಳ್ಳೆಣ್ಣೆ ಸವರಿ, ಮದುವಣಗಿತ್ತಿಯನ್ನು ನೋಡುವಂತೆ ಹಿಂದೆ ಸರಿದು ನಿಂತು ನೋಡಿದಳು. ಬಂಡೆ ಬಾವಿಯ ನೀರಿನಷ್ಟು ಕಪ್ಪಗೆ ಹೊಳೆಯುತ್ತಿತ್ತು.

ಲಿಂಗಣ್ಣ ಬಂದ. ಕುರಿ ನೋಡಿದ, ಫೋಟೊ ಹಿಡಿದ, ನಕ್ಕ. ಕುರಿಗಳು ಹೋದಮೇಲೂ ಅವನು ಹೋಗಲಿಲ್ಲ. ಮಂಡಿಯೂರಿದ. ಬಾಟಲಿಯ ನೀರು ಸುರಿದು ಅಂಗೈಯಲ್ಲಿ ಸವರಿದ. ಸೊಂಟದ ಸುತ್ತಿಗೆ ತೆಗೆದು ತಟ್ಟಿ, ಕಿವಿ ಇಟ್ಟ. ನಾವೆಲ್ಲರೂ ಹೆಮ್ಮೆಯಿಂದ ನೋಡುತ್ತಿದ್ದೆವು.

ಮಾರನೇ ದಿನ, ಬುಧವಾರ ಸಂಜೆ, ಊಟಕ್ಕೆ ಕೂತವನು ತಟ್ಟೆ ಮುಟ್ಟುವ ಮೊದಲೇ, ಹಬ್ಬದ ಸುದ್ದಿ ತಂದವನ ಹಾಗೆ ಅಜ್ಜಿಯತ್ತ ತಿರುಗಿದ.

"ಪಾಟ್ಟಿ, ಯುವರ್ ಸ್ಟೋನ್ ವೆರಿ ಗುಡ್. ನೋ ಲೈನ್, ನೋ ಸ್ಪಾಟ್. ಐ ಟೇಕ್."

ರತ್ನತ್ತೆ ಕನ್ನಡಕ್ಕೆ ತಿರುಗಿಸುವ ಅಗತ್ಯವೇ ಇರಲಿಲ್ಲ. ಮಧ್ಯಾಹ್ನವೇ ಕುರಿ ಹೊಡೆದುಕೊಂಡು ಹೋಗಿದ್ದ ಅಪ್ಪ ಬಂಡೆಯ ಸುತ್ತ ಕೆಂಪು ಗೆರೆ ಕಂಡಿದ್ದ. ಮ್ಯಾನೇಜರನ್ನು ಕೇಳಿಯೂ ಬಂದಿದ್ದ. "ಪೊರಂಬೋಕ್ಕು ದಾನೇ, ಉಂಗ ಪಾಟ್ಟನ್ ಸೊತ್ತಾ?" ಎಂದು ಅವನು ನಕ್ಕನಂತೆ: ಸರ್ಕಾರದ ಜಾಗ ತಾನೆ, ನಿಮ್ಮ ತಾತನ ಆಸ್ತಿಯಾ? ಆ ಜಾಗವೂ ಕ್ವಾರಿಯ ಲೀಸಿನ ಒಳಗೇ ಇತ್ತು. ಹಿಕ್ಕೆಯ ಕೆಳಗೆ ಏನಿದೆ ಎಂದು ಅದುವರೆಗೆ ಯಾರೂ ನೋಡಿರಲಿಲ್ಲ, ಅಷ್ಟೆ. ಸೋಮವಾರ ಕಲ್ಲು ಕೊರೆಯುವ ಕಂಪ್ರೆಸರ್ ಬರುತ್ತದೆ, ಬಂಡೆ ಸೀಳುವುದಕ್ಕೆ ಕುಳಿ ಹೊಡೆಯಲು ಶುರುಮಾಡುತ್ತಾರೆ. ಅಜ್ಜಿ ಲಿಂಗಣ್ಣನಿಗೆ ಸಾರು ಬಿಟ್ಟಳು, ಎರಡನೇ ಮುದ್ದೆ ಇಕ್ಕಿದಳು. ಅವನು ಕೋಣೆಗೆ ಹೋದಮೇಲೆ ಅಪ್ಪನ ಬಾಯಿ ಬಿಚ್ಚಿತು.

"ನಾವೇ ತೊಳ್ದು ಎಣ್ಣೆ ಅಚ್ಚಿ ತೋರ್ಸಿದ್ವಲ್ಲವ್ವ! ಯಾರಾರ ಇಂಗೆ ಮಾಡ್ತಾರಾ?"

"ಮಾಡ್ದೋಳು ನಾನು," ಅಂದಳು ಅಜ್ಜಿ.

"ಅಂಗಾರೆ ನೀನೇ ಕೇಳು. ನಿನ್ ಕೈ ಮುದ್ದೆ ತಿಂತಾವ್ನೆ. ಅವ್ನು ಬ್ಯಾಡ ಅಂದ್ರೆ ಆ ಕಲ್ಲು ಯಾರೂ ಮುಟ್ಟಾಕಿಲ್ಲ. ನೀನ್ ಕೇಳುದ್ರೆ ಇಲ್ಲ ಅನ್ನಲ್ಲ."

"ಅದುಕ್ಕೇ ಕೇಳಾಕಿಲ್ಲ. ಉಂಡೋನ್ಗೆ ಇಲ್ಲ ಅನ್ನಾ ಬಾಯಿ ಇರಾಕಿಲ್ಲ ಕಣಪ್ಪ. ಬಾಯಿಲ್ದೋನ ತಾವ ಬೇಡಾದೂ ಒಂದೇ, ಕಿತ್ಕಣಾದೂ ಒಂದೇ."

"ಅಂಗಾರೆ ಬಂಡೆ ಓಗ್ಲಿ ಅಂತೀಯಾ?"

"ಮೂರು ದಿನ ತಡಿ."

ಅದು ಅಜ್ಜಿ ತನ್ನ ಅತ್ತೆಯಿಂದ ಕಲಿತ ಲೆಕ್ಕ. ಉಂಡ ಉಪ್ಪು ಮೈಯಿಂದ ಇಳಿಯಲು ಮೂರು ದಿನ ಬೇಕು. ನಮ್ಮ ಒಲೆಯಲ್ಲಿ ಉಂಡವನನ್ನು ಏನಾದರೂ ಕೇಳಬೇಕಾದರೆ ಮೂರು ದಿನ ಅವನಿಗೆ ನಮ್ಮ ಉಪ್ಪು ಇಕ್ಕಬಾರದು. ಆಮೇಲೆ ಅವನಿಗೆ ಬಾಯಿ ಬರುತ್ತದೆ. ಕೊಡುತ್ತೇನೆ ಅನ್ನಬಹುದು, ಕೊಡುವುದಿಲ್ಲ ಎಂದೂ ಅನ್ನಬಹುದು. ಗುರುವಾರ, ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಕೇಳಿದರೆ ಕಂಪ್ರೆಸರ್ ಬರಲು ಇನ್ನೂ ಒಂದು ದಿನ ಇರುತ್ತದೆ.

ಗುರುವಾರ ಸಂಜೆ ಲಿಂಗಣ್ಣ ಕೈಕಾಲು ತೊಳೆದು ಬಂದು ತನ್ನ ಜಾಗದಲ್ಲಿ ಕೂತ. ಅವನ ಮುಂದೆ ತಟ್ಟೆ ಇರಲಿಲ್ಲ. ಅಜ್ಜಿ ಅಡುಗೆ ಕೋಣೆಯಿಂದ ಹೊರಗೇ ಬರಲಿಲ್ಲ. ರತ್ನತ್ತೆ ಸೆರಗಿನ ತುದಿ ತಿರುಚುತ್ತ ನಿಂತು, "ನೋ ಟೇಕ್ ಫುಡ್. ತ್ರೀ ಡೇಸ್" ಅಂದಳು. ಯಾಕೆಂದು ಕೇಳಿದ. ಮೊದಲೇ ಹೇಳಿಬಿಟ್ಟರೆ ಕೇಳಿದಂತೆಯೇ ಆಗುತ್ತದೆ ಎಂದು ಅಜ್ಜಿ ಕಟ್ಟುನಿಟ್ಟು ಮಾಡಿದ್ದಳು. ಅತ್ತೆ ತಲೆ ಅಲ್ಲಾಡಿಸಿದಳು. ಅವನು ಎದ್ದು, ನಮ್ಮೆಲ್ಲರ ತಟ್ಟೆಗಳನ್ನು ಒಮ್ಮೆ ನೋಡಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಹೋದ. ಶುಕ್ರವಾರ ಕಾರಿಮಂಗಲದಿಂದ ದೊಡ್ಡ ಡಬ್ಬಿ ಬಿಸ್ಕತ್ತು ತಂದು ಅಜ್ಜಿಯ ಮುಂದೆ ಎರಡೂ ಕೈಯಲ್ಲಿ ಹಿಡಿದ. ಅವಳು ಅದನ್ನೂ ಮುಟ್ಟಲಿಲ್ಲ. ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅವನ ಮುಖ ಬಾಡಿಹೋಯಿತು. ಶನಿವಾರ ಕಿಟಕಿಯಿಂದ ನೋಡಿದೆ: ಮಂಚದ ಮೇಲೆ ಕೂತು ಹಸಿರು ಪುಸ್ತಕದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚುತ್ತಿದ್ದ. ಅತ್ತೆ ಹೇಳಿದ ಟೇಕ್ ಯಾವ ಪುಟದ್ದು ಎಂದು ಹುಡುಕುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಪಕ್ಕದಲ್ಲಿ ಎರಡು ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು.

ಅಮ್ಮ ಆಗಷ್ಟೇ ಕಡಲೆಕಾಯಿ ಬೇಯಿಸಿ ಬಸಿದಿದ್ದಳು. ಲಂಗದ ಮಡಿಲು ತುಂಬಿಕೊಂಡು ಹೋಗಿ ಅವನ ಮಂಚದ ಮೇಲೆ ಸುರಿದೆ. ಅವನು ಬಾಗಿಲ ಕಡೆ ನೋಡಿ, ನನ್ನನ್ನು ನೋಡಿ, "ಟೇಕ್?" ಎಂದು ಪಿಸುಗುಟ್ಟಿದ. "ಟೇಕ್, ಟೇಕ್" ಅಂದೆ. ಅಷ್ಟನ್ನೂ ಸುಲಿದು ತಿಂದ. ಕಡೆಯಲ್ಲಿ ಬೆರಳನ್ನು ಚೀಪಿದ. ಬೆರಳು ಚೀಪಿದ್ದನ್ನು ನೋಡಿದಾಗಲೇ ನನಗೆ ಹೊಳೆದದ್ದು, ಕಡಲೆಕಾಯಿ ಬೇಯಿಸುವಾಗ ಅಮ್ಮ ಹಿಡಿ ತುಂಬ ಉಪ್ಪು ಹಾಕುತ್ತಾಳೆ ಅಂತ.

ಹೇಳದೆ ಇರಬಹುದಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಅದನ್ನೇ ಯೋಚಿಸಿದೆ. ಲಿಂಗಣ್ಣ ಹೇಳುವವನಲ್ಲ, ಬೇರೆ ಯಾರೂ ನೋಡಿಲ್ಲ. ಭಾನುವಾರ ಬೆಳಿಗ್ಗೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ರತ್ನತ್ತೆಯನ್ನು ಕರೆದುಕೊಂಡು ನಡುಮನೆ ದಾಟಿ ಅವನ ಕೋಣೆಯ ಕಡೆ ಹೊರಟಳು. ಹೊಸಿಲಿನವರೆಗೂ ಹೋಗಿಬಿಟ್ಟಿದ್ದಳು. ನಾನು ಹಿಂದಿನಿಂದ ಸೆರಗು ಹಿಡಿದುಕೊಂಡೆ.

"ಅಜ್ಜೀ, ನಿನ್ನೆ ನಾನು ಕಡ್ಲೆಕಾಯಿ ಕೊಟ್ಟೆ."

"ಯಾರ್ಗೆ?"

"ಲಿಂಗಣ್ಣನ್ಗೆ."

"ಬೇಯ್ಸಿದ್ದಾ?"

"ಊ."

ಅಜ್ಜಿ ಅಲ್ಲೇ, ಬೀಜದ ಮಡಕೆಗಳ ಪಕ್ಕದಲ್ಲಿ ಕುಕ್ಕರಿಸಿದಳು. ಅಪ್ಪ ನನ್ನ ಕಡೆ ಕೈ ಎತ್ತಿಕೊಂಡು ಬಂದವನು ಅಮ್ಮ ಅಡ್ಡ ಬಂದದ್ದಕ್ಕೆ ನಿಂತು, ಅಜ್ಜಿಯತ್ತ ತಿರುಗಿದ.

"ಅಯ್ಯೋ ಬಿಡವ್ವ, ನಾಲ್ಕು ಕಡ್ಲೆಕಾಯಿ! ಅದೂ ಒಂದು ಲೆಕ್ಕವಾ? ಅವ್ನಿಗೇನ್ ತಿಳಿತದೆ? ಓಗಿ ಕೇಳು, ನಾಳೆ ಕಂಪ್ರೆಸರ್ ಬತ್ತದೆ."

"ಅವ್ನಿಗೆ ತಿಳೀಲಿ ಅಂತ ಅಲ್ಲ ಕಣಪ್ಪ ಲೆಕ್ಕ ಇಕ್ಕಿರಾದು," ಅಂದಳು ಅಜ್ಜಿ. ನನ್ನ ಮುಖ ನೋಡಿದಳು. ನಾನು ಅಳುತ್ತಿದ್ದೆ. "ಯೋಳಿದ್ಯಲ್ಲ, ಸಾಕು. ಓಗು, ಮಕ ತೊಳ್ಕ ಓಗು."

ಒಗೆದ ಸೀರೆ ಬಿಚ್ಚಿ ಮಡಿಸಿಟ್ಟಳು. ಮತ್ತೆ ಭಾನುವಾರ, ಸೋಮವಾರ, ಮಂಗಳವಾರ. ಸೋಮವಾರ ಹೇಳಿದ ಹೊತ್ತಿಗೇ ಕಂಪ್ರೆಸರ್ ಬಂತು. ಅಡುಗೆ ಕೋಣೆಯವರೆಗೂ ಅದರ ಸದ್ದು ಕೇಳುತ್ತಿತ್ತು. ಮಡಕೆಯ ಮೇಲಿನ ತಟ್ಟೆ ಅದುರುತ್ತಿತ್ತು. ಅಜ್ಜಿ ತಟ್ಟೆಯ ಮೇಲೆ ಕೈ ಇಟ್ಟು ಅದುರುವುದನ್ನು ನಿಲ್ಲಿಸಿ, ಮತ್ತೆ ರಾಗಿ ಬೀಸಲು ಕೂರುತ್ತಿದ್ದಳು. ಮೂಡಣ ಮಗ್ಗುಲಿನಿಂದ ಸಾಲಾಗಿ ಕುಳಿ ಹೊಡೆಯುತ್ತ ಬರುತ್ತಿದ್ದಾರೆ ಎಂದು ಅಮ್ಮ ನೋಡಿಕೊಂಡು ಬಂದು ಹೇಳಿದಳು. ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬುಧವಾರ ಬೆಳಿಗ್ಗೆ ಅಜ್ಜಿ ಮತ್ತೆ ಸ್ನಾನ ಮಾಡಿ ಅದೇ ಸೀರೆ ಉಟ್ಟಳು. ಈ ಸಲ ನನ್ನ ಕೈ ಹಿಡಿದುಕೊಂಡಳು. ಲಿಂಗಣ್ಣ ಕೋಣೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ. ಅಜ್ಜಿಯನ್ನು ಕಂಡು ಒಂದೇ ಬೂಟಿನಲ್ಲಿ ಎದ್ದು ನಿಂತ.

"ಲಿಂಗಣ್ಣ, ಈಗ ನಿನ್ ಮೈಯಾಗೆ ನನ್ ಉಪ್ಪಿಲ್ಲ. ಅದುಕ್ಕೆ ಕೇಳ್ತೀನಿ. ಆ ಬಂಡೆ ಟೇಕು ಮಾಡ್ಬ್ಯಾಡ. ನಮ್ ಕುರಿ ಬಂಡೆ ಅದು. ಆಗಾಕಿಲ್ಲ ಅನ್ನಂಗಿದ್ರೆ ಅನ್ನು, ನಂಗೆ ಬ್ಯಾಸ್ರ ಇಲ್ಲ."

ರತ್ನತ್ತೆ ತಿಳಿದ ಇಂಗ್ಲಿಷಿನಲ್ಲೆಲ್ಲ ಹೇಳಿದಳು. ಊಟ ನಿಲ್ಲಿಸಿದ್ದು ಸಿಟ್ಟಿಗಲ್ಲ ಎಂಬುದನ್ನು ಹೇಳಲು ತುಂಬ ಹೊತ್ತು ಹಿಡಿಯಿತು. "ಯೂ ಟೇಕ್ ಅವರ್ ಸಾಲ್ಟ್, ದೆನ್ ಶಿ ನಾಟ್ ಆಸ್ಕ್," ಅಂದಳು. ಮತ್ತೆ ಅದನ್ನೇ ಅಂದಳು. ಲಿಂಗಣ್ಣ ಮಂಚದ ಮೇಲೆ ಕೂತು ಎರಡು ಬೆರಳು ತುಟಿಗೆ ಇಟ್ಟುಕೊಂಡ.

"ಮೈ ಪ್ಲೇಸ್, ಸೇಮ್. ಈಟ್, ಮೌತ್ ಸಾಫ್ಟ್." ಆಮೇಲೆ ಅಂಗೈಯನ್ನು ಅಂಗಿಯ ತೋಳಿನೊಳಕ್ಕೆ ಎಳೆದುಕೊಂಡು ಮೊಂಡುಗೈ ತೋರಿಸಿದ. "ಟೇಕ್, ಹ್ಯಾಂಡ್ ಶಾರ್ಟ್."

ಉಂಡರೆ ಬಾಯಿ ಮೆತ್ತಗಾಗುತ್ತದೆ, ತೆಗೆದುಕೊಂಡರೆ ಕೈ ಗಿಡ್ಡವಾಗುತ್ತದೆ. ಅವರ ಹಿರಿಯರೂ ಹಾಗೆ ಅನ್ನುತ್ತಾರಂತೆ. ಅತ್ತೆ ಹೇಳಿದ್ದನ್ನು ಕೇಳಿ ಅಜ್ಜಿ ತಲೆದೂಗಿದಳು. "ಅವ್ರೂ ಉಪ್ಪು ತಿನ್ನಾ ಜನವೇ ಅಲ್ವಾ" ಅಂದಳು.

ಅವನು ಇನ್ನೊಂದು ಬೂಟು ಹಾಕಿ ನಮ್ಮ ಜೊತೆ ಬಂಡೆಗೆ ಬಂದ. ಮೂಡಣದ ಅರ್ಧಕ್ಕೆ ಕುಳಿಯ ಸಾಲು ಮುಗಿದಿತ್ತು. ಎಣ್ಣೆ ಸವರಿದ್ದ ಕಪ್ಪಿನ ಮೇಲೆ ಬಿಳಿ ಪುಡಿ ಬಿದ್ದಿತ್ತು. ಅವನು ಆ ಕುಳಿಗಳ ಮೇಲೆ ಕೈ ಇಟ್ಟು, ಅಜ್ಜಿಯನ್ನು ನೋಡಿ, ಈ ಅರ್ಧ ಬಿಡಲು ಆಗುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದ. ಇಲ್ಲ ಅನ್ನಲು ಅವನಿಗೆ ಬಾಯಿ ಇತ್ತು. ಅಜ್ಜಿ ಸರಿ ಎಂದು ಕೈಯಾಡಿಸಿದಳು. ಆಮೇಲೆ ಅವನು ಬಣ್ಣದ ಡಬ್ಬಿ ತರಿಸಿ, ಕುಳಿಯ ಸಾಲಿನ ಅಂಚಿಗೇ ಹೊಸ ಗೆರೆ ಎಳೆದ. ಪಡುವಣದ ಅರ್ಧದ ಮೇಲಿದ್ದ ಹಳೆಯ ಗೆರೆಯನ್ನು ಚಿಂದಿಬಟ್ಟೆಯಲ್ಲಿ ತಾನೇ ಕೂತು ಒರೆಸಿದ. ಮ್ಯಾನೇಜರು ಬಂದು ಯಾಕೆಂದು ಕೇಳಿದ್ದಕ್ಕೆ "ದಿಸ್ ಸೈಡ್, ಐ ನೋ ಟೇಕ್" ಅಂದ. ಅಂದು ಸಂಜೆ ಅಜ್ಜಿ ಅವನ ತಟ್ಟೆಯನ್ನು ಸಾಲಿಗೆ ಇಟ್ಟಳು.

"ಟೇಕು ಲಿಂಗಣ್ಣ. ಈಗ ಕೇಳಾದು ಏನೂ ಇಲ್ಲ."

ಅವನು ಎರಡು ಮುದ್ದೆ ಉಂಡ, ಎರಡನ್ನೂ ಅಗಿಯದೆ.

ಹದಿನೈದು ದಿನದಲ್ಲಿ ಮೂಡಣದ ಅರ್ಧವನ್ನು ಕ್ರೇನಿನಲ್ಲಿ ಎತ್ತಿ ಲಾರಿಯಲ್ಲಿ ಮದ್ರಾಸಿನ ಬಂದರಿಗೆ ಕಳಿಸಿದರು. ಅದರ ಹಿಂದೆಯೇ ಲಿಂಗಣ್ಣನೂ ತನ್ನ ದೇಶಕ್ಕೆ ಹೋದ. ಮುಂದಿನ ಅಮಾವಾಸ್ಯೆಗೆ ಉಳಿದ ಬಂಡೆ ತೊಳೆದು ಉಪ್ಪು ಇಟ್ಟೆವು. ಅರವತ್ತು ಕುರಿಗೆ ಜಾಗ ಸಾಲಲಿಲ್ಲ, ಒಂದನ್ನೊಂದು ಗುಮ್ಮಿಕೊಂಡವು. ಅಪ್ಪ ಹಿಂಡನ್ನು ಎರಡು ಪಾಲು ಮಾಡಿ, ಮರಿಯ ತಾಯಂದಿರನ್ನು ಮೊದಲು ಬಿಟ್ಟ. ಎರಡನೇ ಸರದಿಯವನ್ನು ತಡೆಯಲು ಒಬ್ಬರು ಬೇಕಾಯಿತು. ಅಜ್ಜಿ ತನ್ನ ಕೈಯ ಕೋಲನ್ನು ನನಗೆ ಕೊಟ್ಟು, "ನೀನು ನಿಂತ್ಕಳವ್ವ" ಅಂದಳು. ಮೊದಲ ಸರದಿ ನೆಕ್ಕಿ ಮುಗಿಸುವವರೆಗೂ ಕೋಲು ಅಡ್ಡ ಹಿಡಿದು, ಕೂಗುತ್ತಿದ್ದ ಕುರಿಗಳ ಎದುರಿಗೆ ನಿಂತಿದ್ದೆ. ಮದುವೆಯಾಗಿ ಆ ಊರು ಬಿಡುವವರೆಗೂ ಪ್ರತಿ ಅಮಾವಾಸ್ಯೆ ಅದು ನನ್ನ ಕೆಲಸವಾಗಿತ್ತು.